ಕಮಿನೀತೊ ದೆಲ್ ರೇ: ಬಂಡೆಗೆ ನೇತುಬಿದ್ದ ಗ್ಯಾಂಗ್‌ಮನ್ ದಾರಿ

ಮೊದಲ ದಿನ: ಮಾಲಗ, ಆಲೊರ, ಎಲ್ ಚೊರ್ರೊ

ವೀಸಾ, ವಿಮಾನದ ಕತೆ ಎಲ್ಲರಿಗೂ ಗೊತ್ತಿರುವುದೇ. ಅದರಲ್ಲಿ ಹೇಳಬೇಕಾದದ್ದು ಒಂದೇ ಮಾತು: ದಕ್ಷಿಣ ಸ್ಪೇನಿನ ಕಣಿವೆಯೊಂದರ ಬಂಡೆಗೆ ನೇತುಬಿದ್ದ ಕಾಲುದಾರಿ ಕಮಿನೀತೊ ದೆಲ್ ರೇ (ಅಂದರೆ ರಾಜನ ಕಿರುದಾರಿ) ನಡೆಯಬೇಕು ಅಂತಿದ್ದರೆ ಮೊದಲು ಆ ದಾರಿಯ ಟಿಕೆಟ್ ಕೈಗೆ ಬರಬೇಕು, ವಿಮಾನದ್ದು ಆಮೇಲೆ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ, ಸೋಮವಾರ ಬಾಗಿಲು ಹಾಕಿರುತ್ತದೆ, ಏಪ್ರಿಲ್-ಮೇ ತಿಂಗಳ ಟಿಕೆಟ್‌ಗಳು ಬಿಟ್ಟ ಕೆಲವೇ ದಿನಗಳಲ್ಲಿ ಖಾಲಿ. ಅಧಿಕೃತ ಜಾಲತಾಣದಲ್ಲಿ ಸಾಮಾನ್ಯ ಪ್ರವೇಶಕ್ಕೆ 10 ಯೂರೋ, ಮಾರ್ಗದರ್ಶಕರ ಜೊತೆ ಹೋದರೆ 18. ಇಂಗ್ಲಿಷ್ ಮಾತಾಡುವ ಮಾರ್ಗದರ್ಶಕರು ಸಿಗುತ್ತಾರೆ. ಎಂಟು ಯೂರೋ ಹೆಚ್ಚಾದರೂ ಅದೇ ಒಳ್ಳೆಯದು. ಹೇಳುವವರಿಲ್ಲದೆ ನಡೆದರೆ ಬಂಡೆ, ನದಿ, ಫೋಟೊ ಇಷ್ಟೇ ಉಳಿಯುತ್ತದೆ.

ಮಾಲಗದ ದೊಡ್ಡ ನಿಲ್ದಾಣದಿಂದ ಎಲ್ ಚೊರ್ರೊಗೆ ರೈಲಿನಲ್ಲಿ ಸುಮಾರು 40 ನಿಮಿಷ. ದಿನಕ್ಕೆ ಕೆಲವೇ ಗಾಡಿಗಳು, ಆದ್ದರಿಂದ ಹೋಗುವಾಗಲೇ ಬರುವ ಗಾಡಿಯ ಸಮಯವನ್ನೂ ಬರೆದಿಟ್ಟುಕೊಳ್ಳಬೇಕು. ಊರು ದಾಟಿದ ಕೂಡಲೇ ಗ್ವಾದಲೋರ್ಸೆ ನದಿಯ ಬಯಲು ತೆರೆದುಕೊಳ್ಳುತ್ತದೆ. ನಮ್ಮ ಕಾರಟಗಿ, ಸಿಂಧನೂರಿನ ಕಡೆ ಕಾಲುವೆ ಬಂದಲ್ಲೆಲ್ಲ ಭತ್ತ. ಇಲ್ಲಿ ನೀರು ಬಂದಲ್ಲೆಲ್ಲ ನಿಂಬೆ ಮತ್ತು ಕಿತ್ತಳೆ. ಏಪ್ರಿಲ್ ಆರಂಭವಾದ್ದರಿಂದ ಕಿತ್ತಳೆ ಹೂವಿನ ಕಾಲ. ಗಾಡಿ ನಿಂತ ಕಡೆಯೆಲ್ಲ ಬಾಗಿಲು ತೆರೆದರೆ ಬೋಗಿಯೊಳಗೆ ಘಮ ನುಗ್ಗುತ್ತಿತ್ತು. ಅದೇ ವಾರ ಬಳ್ಳಾರಿಯಲ್ಲಿ ನೆತ್ತಿ ಸುಡುವ ಬಿಸಿಲು. ಇಲ್ಲಿ ಬೆಳಿಗ್ಗೆ ತೆಳ್ಳನೆಯ ಸ್ವೆಟರ್ ಬೇಕೆನಿಸುವ ಚಳಿ. ಜುಲೈ, ಆಗಸ್ಟ್‌ನಲ್ಲಿ ಬಂದರೆ ಬಳ್ಳಾರಿಗೂ ಇಲ್ಲಿಗೂ ವ್ಯತ್ಯಾಸ ಕಾಣುವುದಿಲ್ಲ. ಒಳನಾಡಿನಿಂದ ಬೀಸುವ ತೆರ್ರಾಲ್ ಎಂಬ ಒಣ ಗಾಳಿ ಆಗ ಮುಖಕ್ಕೆ ಕಾವಲಿ ಹಿಡಿಯುತ್ತದೆ ಎಂದು ನಿಲ್ದಾಣದ ಪಕ್ಕದ ಕಾಫಿ ಅಂಗಡಿಯ ಹೆಂಗಸು ಹೇಳಿದಳು.

ನಡುವೆ ಆಲೊರದಲ್ಲಿ ಇಳಿದು ಊಟ ಮಾಡಿ ಮುಂದಿನ ಗಾಡಿ ಹಿಡಿಯುವುದು ಒಳ್ಳೆಯ ಲೆಕ್ಕಾಚಾರ, ಏಕೆಂದರೆ ಎಲ್ ಚೊರ್ರೊದಲ್ಲಿ ಊಟದ ಆಯ್ಕೆ ಕಡಿಮೆ. ನಿಲ್ದಾಣ ಕೆಳಗೆ, ಊರು ಗುಡ್ಡದ ಮೇಲೆ. ಸಾಮಾನು ಹೊತ್ತು ಏರಲು ಹೋಗಬೇಡಿ, ಟ್ಯಾಕ್ಸಿ ಹಿಡಿಯಿರಿ. ಈ ಊರಿನ ಹೆಸರಾಂತ ಅಡುಗೆ ಸೋಪ ಪೆರೋತ. ಟೊಮೆಟೊ, ಹಸಿರು ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ, ಆಲೂಗಡ್ಡೆ ಹಾಕಿ ನೀರಿನಲ್ಲಿ ಬೇಯಿಸುತ್ತಾರೆ. ಹಿಂದಿನ ದಿನದ ಗಟ್ಟಿ ಬ್ರೆಡ್ಡನ್ನು ತೆಳುವಾಗಿ ಕೊಯ್ದು ಮಣ್ಣಿನ ಬೋಗುಣಿಗೆ ಹಾಕಿ, ಮೇಲಿನಿಂದ ಆ ಕುದಿರಸ ಸುರಿದು ಮುಚ್ಚಿಡುತ್ತಾರೆ. ಹೆಸರಿಗೆ ಸೂಪು, ಕುಡಿಯಲು ಬರುವುದಿಲ್ಲ. ನಮ್ಮ ರೊಟ್ಟಿ ಮುಟಗಿಯ ಹಾಗೆ ಕೈಗೆ ಗಟ್ಟಿ, ಬಾಯಿಗೆ ಮೆತ್ತಗೆ. ಜೊತೆಗೆ ಹಸಿ ಈರುಳ್ಳಿ, ಸೌತೆಕಾಯಿ, ಮತ್ತು ಈ ಊರಿನದೇ ಆಲಿವ್ ಕಾಯಿ. ಅದನ್ನು ಕಲ್ಲಿನಲ್ಲಿ ಜಜ್ಜಿದಂತೆ ಸೀಳಿ, ಬೆಳ್ಳುಳ್ಳಿ, ಸೋಂಪಿನ ಗಿಡದ ಕಡ್ಡಿ, ಥೈಮ್ ಸೊಪ್ಪು ಸೇರಿಸಿ ಉಪ್ಪುನೀರಿನಲ್ಲಿ ಇಟ್ಟಿರುತ್ತಾರೆ. ಉಪ್ಪಿನಕಾಯಿ ತಿಂದು ಬೆಳೆದ ನಾಲಿಗೆಗೆ ಇದು ಹಿಡಿಸುತ್ತದೆ. ಸಸ್ಯಾಹಾರಿಗಳು ಗಮನಿಸಬೇಕಾದದ್ದು: "ಮಾಂಸ ಬೇಡ" ಎಂದರೆ ಸಾಲದು. ಸಲಾಡ್‌ಗೆ ಟ್ಯೂನಾ ಮೀನು, ಸೂಪಿಗೆ ಒಣಗಿಸಿದ ಹಂದಿ ಮಾಂಸದ ಚೂರು ಉದುರಿಸುವುದು ಇಲ್ಲಿ ರೂಢಿ. "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್" ಎಂದು ಮೂರನ್ನೂ ಹೇಳಿಬಿಡಿ.

ಸಂಜೆ ಎಲ್ ಚೊರ್ರೊ. ನಿಲ್ದಾಣದಿಂದ ಹೊರಗೆ ಬಂದು ತಲೆ ಎತ್ತಿದರೆ ಗುಡ್ಡ ನಡುವೆ ಸೀಳಿಹೋಗಿದೆ. ಆ ಸೀಳಿನ ಗೋಡೆಯಲ್ಲಿ, ಬಹಳ ಎತ್ತರದಲ್ಲಿ ಒಂದು ತೆಳು ಗೆರೆ. ಅದೇ ನಾಳೆಯ ದಾರಿ. ನಿಲ್ದಾಣದ ಮುಂದೆ ಕೆರೆಯಂಥ ನೀರು, ಎದುರಿನ ಗುಡ್ಡದ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಿನವರೆಗೆ ದೊಡ್ಡ ಪೈಪು. ಮುನಿರಾಬಾದಿನ ಪವರ್‌ಹೌಸ್ ನೋಡಿ ಬೆಳೆದವರಿಗೆ ಇದು ಪ್ರವಾಸಿ ತಾಣ ಎನ್ನುವುದಕ್ಕಿಂತ ಮೊದಲು ವಿದ್ಯುತ್ ಉತ್ಪಾದನೆಯ ಜಾಗ ಎಂದು ತಕ್ಷಣ ಗೊತ್ತಾಗುತ್ತದೆ. ಹಾಗೆ ನೋಡಿದರೇ ಈ ದಾರಿ ಅರ್ಥವಾಗುವುದು.

ಎರಡನೇ ದಿನ: ಕಣಿವೆಯೊಳಗೆ

ಎಲ್ ಚೊರ್ರೊ ದಕ್ಷಿಣದ ತುದಿ. ನಡಿಗೆ ಶುರುವಾಗುವುದು ಉತ್ತರದ ಆರ್ದಾಲೆಸ್ ಕಡೆಯಿಂದ, ಒಂದೇ ದಿಕ್ಕಿನಲ್ಲಿ. ವಾಪಸ್ ತಿರುಗಲು ಬಿಡುವುದಿಲ್ಲ. ಎರಡೂ ತುದಿಗಳ ನಡುವೆ ಅರ್ಧ ಗಂಟೆಗೊಂದು ಬಸ್, ಸುಮಾರು 20 ನಿಮಿಷದ ದಾರಿ, 2.50 ಯೂರೋ. ಬಸ್ ಇಳಿದ ಮೇಲೆ ನೇರ ಪ್ರವೇಶದ್ವಾರಕ್ಕೆ ಬಂದುಬಿಟ್ಟೆವು ಅಂದುಕೊಳ್ಳಬಾರದು. ಪೈನ್ ಮರಗಳ ನಡುವೆ ಇನ್ನೂ ನಡೆಯಬೇಕು. ಎರಡು ದಾರಿಗಳಿವೆ: ಸುರಂಗದ ಮೂಲಕ ಹೋದರೆ 1.5 ಕಿ.ಮೀ., ಸುತ್ತಿ ಹೋದರೆ 2.7 ಕಿ.ಮೀ. ಟಿಕೆಟ್‌ನಲ್ಲಿ ಬರೆದಿರುವುದು ದ್ವಾರದಲ್ಲಿ ಇರಬೇಕಾದ ಸಮಯ. ಅಂದರೆ ಎಲ್ ಚೊರ್ರೊದಿಂದ ಕನಿಷ್ಠ ಒಂದೂವರೆ ಗಂಟೆ ಮೊದಲು ಹೊರಡಬೇಕು. ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಮಲಯಾಳಿ ದಂಪತಿ ಸುತ್ತುದಾರಿ ಹಿಡಿದು, ಬೆವರಿ, ಓಡುತ್ತ ಬಂದು ಸೇರಿಕೊಂಡರು. ಸುತ್ತುದಾರಿ ಕೆಟ್ಟದ್ದೇನಲ್ಲ, ನೀರಿನ ಪಕ್ಕದಲ್ಲಿ ಚೆಂದವಾಗಿಯೇ ಸಾಗುತ್ತದೆ. ಕೈಯಲ್ಲಿ ಸಮಯ ಇರಬೇಕು ಅಷ್ಟೆ.

ದ್ವಾರದಲ್ಲಿ ಮೊದಲು ಬಲೆಯಂಥ ತೆಳು ಟೋಪಿ, ಅದರ ಮೇಲೆ ಹೆಲ್ಮೆಟ್. ಕಡ್ಡಾಯ. ಮೇಲಿನಿಂದ ಕಲ್ಲು ಬೀಳುವ ಜಾಗ ಇದು, ಅಲಂಕಾರಕ್ಕೆ ಕೊಡುವುದಲ್ಲ. ಜಡೆ ಇರುವವರು ಕೆಳಗೆ, ಕುತ್ತಿಗೆಯ ಹತ್ತಿರ ಕಟ್ಟಿಕೊಂಡರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಹವಾಯಿ ಚಪ್ಪಲಿಗೆ ಪ್ರವೇಶವಿಲ್ಲ. ಸೆಲ್ಫಿ ಕೋಲು, ಛತ್ರಿ, ದೊಡ್ಡ ಬ್ಯಾಗು ಇಲ್ಲ. 8 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ವಯಸ್ಸಿಗೆ ದಾಖಲೆ ಕೇಳುತ್ತಾರೆ. ಒಳಗೆ ಅಂಗಡಿ ಇಲ್ಲ, ಶೌಚಾಲಯ ಇಲ್ಲ. ಒಬ್ಬರಿಗೆ ಒಂದು ಲೀಟರ್ ನೀರು ಇರಲಿ.

ದಾರಿಯ ಹುಟ್ಟು ಹೀಗೆ. ಗ್ವಾದಲೋರ್ಸೆ ನದಿ ಇಲ್ಲಿ ಗುಡ್ಡವನ್ನು ಕೊರೆದುಕೊಂಡು ಬೀಳುತ್ತದೆ. ಮೇಲೆ ಗೈತಾನೆಹೊ ಎಂಬ ಜಾಗ, ಕೆಳಗೆ ಎಲ್ ಚೊರ್ರೊ. ಈ ಇಳಿತದಿಂದ ವಿದ್ಯುತ್ ತೆಗೆಯಲು ಒಂದು ಜಲವಿದ್ಯುತ್ ಕಂಪನಿ ಮೇಲಿನಿಂದ ಕಾಲುವೆ ತಂದು ಕೆಳಗಿನ ಪವರ್‌ಹೌಸ್‌ಗೆ ಬೀಳಿಸಿತು. ಕಾಲುವೆ ಇದ್ದಮೇಲೆ ಅದನ್ನು ನೋಡಿಕೊಳ್ಳುವ ಆಳು ಬೇಕು, ಆಳು ಓಡಾಡಲು ದಾರಿ ಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿ.ಮೀ. ಹೋಗುತ್ತದೆ, ಅದರ ದಂಡೆಯ ಮೇಲೆ ಹಗಲು ರಾತ್ರಿ ಓಡಾಡುವ ಗ್ಯಾಂಗ್‌ಮನ್‌ಗಳನ್ನು ನೋಡದವರು ನಮ್ಮ ಕಡೆ ಯಾರೂ ಇಲ್ಲ. ಅವರಿಗೆ ಮಣ್ಣಿನ ದಂಡೆ ಇದೆ, ಸೈಕಲ್ಲು ಮೋಟಾರ್‌ಸೈಕಲ್ಲು ಹೋಗುತ್ತದೆ. ಇಲ್ಲಿ ದಂಡೆಯೇ ಇಲ್ಲ, ನೆಟ್ಟಗೆ ನಿಂತ ಬಂಡೆ. ಹಾಗಾಗಿ 1901ರಿಂದ 1905ರವರೆಗೆ ಬಂಡೆಯ ಗೋಡೆಗೆ, ನದಿಯಿಂದ 100 ಮೀಟರ್ ಎತ್ತರದಲ್ಲಿ, ಒಂದು ಮೀಟರ್ ಅಗಲದ ದಾರಿಯನ್ನು ನೇತುಹಾಕಿದರು. ಹಡಗಿನ ಹಗ್ಗದಲ್ಲಿ ಜೋತಾಡಿ ಅಭ್ಯಾಸವಿದ್ದ ನಾವಿಕರನ್ನು ಕರೆತಂದು ಮಾಡಿಸಿದರು ಎಂಬ ಮಾತು ಅಲ್ಲಿ ಪ್ರಚಲಿತ. ರಾಜನ ಹೆಸರು ಅಂಟಿದ್ದು ಆಮೇಲೆ. 1921ರಲ್ಲಿ ಹತ್ತಿರದ ಹೊಸ ಅಣೆಕಟ್ಟಿನ ಉದ್ಘಾಟನೆಗೆ ಬಂದ ಹದಿಮೂರನೇ ಅಲ್ಫಾನ್ಸೊ ಇದರ ಮೇಲೆ ನಡೆದ. ಒಮ್ಮೆ ನಡೆದ ರಾಜನ ಹೆಸರು ಉಳಿಯಿತು. ದಿನವೂ ನಡೆದ ಗ್ಯಾಂಗ್‌ಮನ್‌ಗಳ ಒಂದು ಹೆಸರೂ ದಾರಿಯ ಫಲಕಗಳಲ್ಲಿ ನಮ್ಮ ಕಣ್ಣಿಗೆ ಬೀಳಲಿಲ್ಲ.

ಒಟ್ಟು ನಡಿಗೆ 7.7 ಕಿ.ಮೀ. ಅದರಲ್ಲಿ 4.8 ಕಿ.ಮೀ. ಎರಡೂ ತುದಿಯ ಸಾಮಾನ್ಯ ದಾರಿ, 2.9 ಕಿ.ಮೀ. ಅಸಲಿ ಕಣಿವೆ. ಗೈತಾನೆಹೊ ಅಣೆಕಟ್ಟು ದಾಟಿದ ಕೂಡಲೇ ಮೊದಲ ಇಕ್ಕಟ್ಟು. ಎದುರಿನ ಗೋಡೆ ಕೆಲವು ಕಡೆ ಹತ್ತು ಮೀಟರ್ ದೂರದಲ್ಲಿ ಅಷ್ಟೆ. ಕೆಳಗೆ ನೀರಿನ ಸದ್ದು ಮೇಲೆ ಬರುವಾಗ ದೊಡ್ಡದಾಗುತ್ತದೆ, ಪಕ್ಕದವರ ಮಾತು ಕೇಳಿಸುವುದಿಲ್ಲ.

ಹೊಸ ದಾರಿ ಮರದ ಹಲಗೆಗಳದ್ದು. ಬಂಡೆಯಲ್ಲಿ ರಂಧ್ರ ಕೊರೆದು, ಉಕ್ಕಿನ ಸರಳು ಇಳಿಸಿ, ಅದಕ್ಕೆ ತ್ರಿಕೋನದ ಚೌಕಟ್ಟು ಬಿಗಿದು, ಅದರ ಮೇಲೆ ಹಲಗೆ ಹಾಸಿದ್ದಾರೆ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಮಳೆ ನೀರು ನಿಲ್ಲಬಾರದೆಂದೇ ಅದು. ಆ ಸಂದಿನಲ್ಲಿ ಇಣುಕಿದರೆ ಮೊದಲು ಕಾಣುವುದು ನದಿಯಲ್ಲ, ಹಳೆಯ ದಾರಿ. ಹೊಸದನ್ನು ಹಳೆಯದರ ತಲೆಯ ಮೇಲೆಯೇ ಕಟ್ಟಿದ್ದಾರೆ. ಒಂದು ತಿರುವಿನಲ್ಲಿ ನಿಂತು ಚೆನ್ನಾಗಿ ನೋಡಲು ಸಿಕ್ಕಿತು: ಬಂಡೆಯಿಂದ ಚಾಚಿದ ರೈಲು ಕಂಬಿಯ ತುಂಡು, ಅದರ ಕೆಳಗೆ 45 ಡಿಗ್ರಿ ಓರೆಯಾಗಿ ಬಂಡೆಗೆ ನಾಟಿದ ಆಸರೆ ಕಂಬಿ, ಮೇಲೆ ಕೈ ಅಗಲದಷ್ಟು ಉಳಿದ ಕಾಂಕ್ರೀಟ್. ಕಾಂಕ್ರೀಟಿನ ತಳ ಚಕ್ಕೆ ಚಕ್ಕೆಯಾಗಿ ಉದುರಿ, ಒಳಗಿನ ಕಬ್ಬಿಣ ಕೆಂಪು ಪದರಗಳಾಗಿ ಬಿಚ್ಚಿಕೊಂಡಿದೆ. ಆಚೆ ಪೂರ್ತಿ ಎರಡು ಮೂರು ಮಾರು ಕಾಂಕ್ರೀಟೇ ಇಲ್ಲ, ಕಂಬಿ ಮಾತ್ರ.

ಕೆಟ್ಟದ್ದು ಹೇಗೆ ಎಂಬುದೂ ಅಲ್ಲೇ ಕಾಣುತ್ತದೆ. ತೆಳು ಕಾಂಕ್ರೀಟಿನಲ್ಲಿ ಬಿರುಕು ಬಿಟ್ಟರೆ ನೀರು ಒಳಗೆ ಇಳಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸಿಡಿಸುತ್ತದೆ; ಬಿರುಕು ದೊಡ್ಡದಾಗಿ ಇನ್ನಷ್ಟು ನೀರು. ನಮ್ಮ ವಿತರಣಾ ಕಾಲುವೆಗಳ ಮೇಲಿನ ಹಳೆಯ ಸೇತುವೆಗಳ ಅಡಿಯಲ್ಲಿ ಬಗ್ಗಿ ನೋಡಿದವರಿಗೆ ಇದೇನು ಹೊಸದಲ್ಲ. ಇಲ್ಲಿ ದುರಸ್ತಿ ನಿಂತ ಮೇಲೆ ದಾರಿ ತೂತು ತೂತಾಯಿತು, ಕೈ ಹಿಡಿಯುವ ಕಂಬಿ ಬಹುತೇಕ ಹೋಯಿತು. ಉದ್ದಕ್ಕೂ ಒಂದು ತಂತಿ ಕಟ್ಟಿದ್ದರು. ಸಾಹಸಿಗಳು ಅದಕ್ಕೆ ಕೊಂಡಿ ಸಿಕ್ಕಿಸಿಕೊಂಡು ಬರೀ ಕಂಬಿಯ ಮೇಲೆ ದಾಟುತ್ತಿದ್ದರು. ಜಗತ್ತಿನ ಅತಿ ಅಪಾಯದ ಕಾಲುದಾರಿ ಎಂಬ ಹೆಸರು ಬಂದದ್ದು ಆ ವರ್ಷಗಳಲ್ಲಿ. 1999 ಮತ್ತು 2000ರಲ್ಲಿ ಸಾವುಗಳಾದ ಮೇಲೆ ಎರಡೂ ತುದಿಗಳನ್ನು ಮುಚ್ಚಿದರು. ಮುಚ್ಚಿದ ಮೇಲೂ ಕಳ್ಳದಾರಿಯಲ್ಲಿ ನುಗ್ಗಿ ಸತ್ತವರಿದ್ದಾರೆ. 2014ರಲ್ಲಿ ಪುನರ್ನಿರ್ಮಾಣ ಶುರುವಾಗಿ, ಹೆಲಿಕಾಪ್ಟರ್‌ನಲ್ಲಿ ಸಾಮಾನು ಇಳಿಸಿ, ಹಗ್ಗಕ್ಕೆ ಜೋತುಬಿದ್ದ ಪರ್ವತಾರೋಹಿಗಳೇ ಕೊರೆದು ಬಿಗಿದು, 2015ರ ಮಾರ್ಚ್ ಕೊನೆಗೆ ಮತ್ತೆ ತೆರೆಯಿತು. ಈಗಿನ ದಾರಿ ಗಟ್ಟಿ. ನಿಯಮ ಪಾಲಿಸಿದರೆ ಹೆದರಬೇಕಾದದ್ದಿಲ್ಲ.

ಎತ್ತರ ಕಂಡರೆ ತಲೆ ತಿರುಗುವವರು ನಮ್ಮ ಗುಂಪಿನಲ್ಲೂ ಇದ್ದರು. ಬಂಡೆಯ ಕಡೆಯೇ ಸರಿದು, ಹಲಗೆ ಸಂದು ನೋಡದೆ, ಮುಂದಿನವರ ಹೆಗಲ ಮೇಲೆ ಕಣ್ಣಿಟ್ಟು ನಡೆದರೆ ಹತ್ತು ನಿಮಿಷದಲ್ಲಿ ಕಾಲು ಹೊಂದಿಕೊಳ್ಳುತ್ತದೆ. ಫೋಟೊಗೆ ನಿಲ್ಲುವುದಾದರೆ ಪೂರ್ತಿ ನಿಲ್ಲಿ. ನಡೆಯುತ್ತ ಮೊಬೈಲ್ ನೋಡಿದಾಗಲೇ ತಲೆ ಸುತ್ತುವುದು. ಮೊಬೈಲ್‌ಗೆ ಕುತ್ತಿಗೆ ದಾರ ಇದ್ದರೆ ಒಳ್ಳೆಯದು.

ಮೊದಲ ಇಕ್ಕಟ್ಟು ಮುಗಿದ ಮೇಲೆ ಕಣಿವೆ ಅಗಲವಾಗುತ್ತದೆ. ಇದು ಎಲ್ ಓಯೊ ಬಯಲು. ನೆಲದ ಮೇಲೆ ನಡೆಯುವ ದಾರಿ, ಪೈನ್ ನೆರಳು, ಪಕ್ಕದಲ್ಲಿ ಹಳೆಯ ಕಾಲುವೆ. ಬುತ್ತಿ ಬಿಚ್ಚಲು ಸರಿಯಾದ ಜಾಗ. ಶೇಂಗಾ ಚಟ್ನಿಪುಡಿ ಹಚ್ಚಿದ ಬ್ರೆಡ್ ಇಲ್ಲಿ ಖರ್ಚಾಯಿತು. ಪಕ್ಕದ ಬಂಡೆಯ ಮೇಲೆ ಕೂತಿದ್ದ ಆಲೊರದ ಹಿರಿಯರೊಬ್ಬರು ಮಾರ್ಗದರ್ಶಕರ ಮೂಲಕ ಮಾತಿಗಿಳಿದರು. ಅವರ ಚಿಕ್ಕಂದಿನಲ್ಲಿ ಕೆಲಸಗಾರರ ಮಕ್ಕಳು ಶಾಲೆಗೆ ಹೋಗುತ್ತಿದ್ದದ್ದು, ಹೆಂಗಸರು ಸಾಮಾನು ತರುತ್ತಿದ್ದದ್ದು ಇದೇ ದಾರಿಯಲ್ಲಿ, ಯಾರೂ ಅದನ್ನು ಸಾಹಸ ಅನ್ನುತ್ತಿರಲಿಲ್ಲ ಎಂದರು. ನಾವು ಎಲ್ಲಿಯವರು ಎಂದು ಕೇಳಿದರು. ತುಂಗಭದ್ರಾ ಡ್ಯಾಂ ಪಕ್ಕದ ಊರಿನವರು, 2024ರ ಆಗಸ್ಟ್‌ನಲ್ಲಿ ಅದರ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು ಎಂದಾಗ ಗೇಟಿನ ಅಳತೆಯಿಂದ ಹಿಡಿದು ಎಲ್ಲವನ್ನೂ ವಿಚಾರಿಸಿದರು. ನೀರಿನ ಕೆಲಸ ಬಲ್ಲವರ ಪ್ರಶ್ನೆಗಳು ಅವು.

ಮುಂದಿನದು ದೊಡ್ಡ ಕಣಿವೆ, ಗೈತಾನೆಸ್. ಇಲ್ಲಿಯ ಕಲ್ಲು ಸುಣ್ಣಕಲ್ಲು. ಸಮುದ್ರತಳದಲ್ಲಿ ಅಡ್ಡಡ್ಡ ಕೂತ ಪದರಗಳು ಭೂಮಿಯ ಒತ್ತಡಕ್ಕೆ ಎದ್ದು ನಿಂತು ಬಹುತೇಕ ಲಂಬವಾಗಿವೆ. ಒಂದು ಕಡೆ ಗೋಡೆಯಲ್ಲೇ ಸುರುಳಿಯಾಕಾರದ ಅಮೊನೈಟ್ ಪಳೆಯುಳಿಕೆ ಕಾಣುತ್ತದೆ. ಮಾರ್ಗದರ್ಶಕರು ತೋರಿಸದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಈ ಗೋಡೆಗಳನ್ನು ಹತ್ತಲು ಯುರೋಪಿನ ಎಲ್ಲೆಡೆಯಿಂದ ಜನ ಬರುತ್ತಾರೆ. ಹಿಂದಿನ ರಾತ್ರಿ ತಂಗುದಾಣದಲ್ಲಿ ಸಿಕ್ಕ ಜರ್ಮನ್ ಹುಡುಗ ಸಾಣಾಪುರದಲ್ಲಿ ಒಂದು ಚಳಿಗಾಲ ಕಳೆದವನು, ಗಂಗಾವತಿಯ ಬಸ್ ನಿಲ್ದಾಣ ಬಲ್ಲವನು. ಆನೆಗೊಂದಿಯ ಗ್ರಾನೈಟ್ ಬೆರಳ ಚರ್ಮ ಕೀಳುತ್ತದೆ, ಅಲ್ಲಿ ಉಜ್ಜಿ ಹಿಡಿಯಬೇಕು. ಸುಣ್ಣಕಲ್ಲಿನಲ್ಲಿ ನೀರು ಕೊರೆದ ಗುಳಿಗಳಿವೆ, ಬೆರಳು ಸಿಕ್ಕಿಸಿ ಏರಬಹುದು ಎಂದು ವ್ಯತ್ಯಾಸ ಹೇಳಿದ. ನಮ್ಮದು ಸುಮಾರು 250 ಕೋಟಿ ವರ್ಷದ ಕಲ್ಲು, ಇದು ಅದರ ಮುಂದೆ ತೀರ ಎಳೆಯದು.

ತಲೆಯ ಮೇಲೆ ರಣಹದ್ದುಗಳು. ಎರಡೂವರೆ ಮೀಟರ್ ಹರಡುವ ರೆಕ್ಕೆ. ಕೆಲವು ನಮ್ಮ ಕಾಲಿನ ಮಟ್ಟಕ್ಕಿಂತ ಕೆಳಗೆ ಹಾರುತ್ತಿದ್ದವು. ಹದ್ದಿನ ಬೆನ್ನು ನೋಡುವ ಅವಕಾಶ ಎಲ್ಲಿ ಸಿಗುತ್ತದೆ? ನಮ್ಮ ರಾಜ್ಯದಲ್ಲಿ ರಣಹದ್ದು ಗೂಡು ನೋಡಬೇಕೆಂದರೆ ರಾಮನಗರದ ರಾಮದೇವರ ಬೆಟ್ಟ ನೆನಪಾಗುತ್ತದೆ, ಅಲ್ಲೂ ಬೆರಳೆಣಿಕೆ. ಎದುರಿನ ಗೋಡೆಯಲ್ಲಿ ರೈಲು ಒಂದು ಸುರಂಗದಿಂದ ಹೊರಬಂದು ಇನ್ನೊಂದಕ್ಕೆ ನುಗ್ಗಿತು. 1865ರಲ್ಲಿ ತೆರೆದ ಕೊರ್ದೊಬ-ಮಾಲಗ ಮಾರ್ಗ ಅದು, ಅಂದರೆ ಕಾಲುದಾರಿಗಿಂತ ರೈಲೇ ಹಳೆಯದು.

ಕೊನೆಗೆ ತೂಗುಸೇತುವೆ. ನೀರಿನಿಂದ 105 ಮೀಟರ್ ಎತ್ತರ, ತಳದಲ್ಲಿ ಉಕ್ಕಿನ ಜಾಲರಿ. ಇದರ ಹತ್ತಿರ ಬರುವಾಗ ಗಾಳಿ ಎದ್ದಿತು. ಕಣಿವೆಯ ಬಾಯಿ ಕಿರಿದಾದಷ್ಟೂ ಗಾಳಿಗೆ ವೇಗ ಹೆಚ್ಚು. ಹೊರಗೆ ಎಲೆ ಅಲುಗಾಡುವಾಗ ಇಲ್ಲಿ ಮೈ ತಳ್ಳುತ್ತದೆ. ಕಾವಲಿನವರು ತಡೆದು, ನಾಲ್ಕು ನಾಲ್ಕು ಜನರನ್ನಾಗಿ ಬಿಡತೊಡಗಿದರು. ಗುಂಪಿನ ಒಬ್ಬರ ಹೆಗಲ ಶಾಲು ಹಾರಿ ಕೆಳಗಿನ ಹಳೆಯ ಕಂಬಿಯೊಂದಕ್ಕೆ ಸಿಕ್ಕಿಕೊಂಡಿತು. ತೆಗೆಯುವ ಮಾತೇ ಇಲ್ಲ. ಇಲ್ಲಿಗೆ ಬರುವಾಗ ಶಾಲು, ದುಪಟ್ಟಾ, ಸಡಿಲ ಟೋಪಿ ಬೇಡ. ಗಾಳಿ ಇನ್ನೂ ಜೋರಾದರೆ, ಮಳೆ ಬಂದರೆ ದಾರಿಯನ್ನೇ ಮುಚ್ಚುತ್ತಾರೆ. ಹಾಗಾಗಿ ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ.

ಸೇತುವೆಯ ಮೇಲೆ ಎಲ್ಲರೂ ಕೆಳಗೆ ನೋಡುತ್ತಾರೆ. ಪಕ್ಕಕ್ಕೆ ನೋಡಿ. ಅಲ್ಲೇ ಹಳೆಯ ಕಮಾನು ಸೇತುವೆ, ಎಂಜಿನಿಯರ್ ಹೋಸೆ ಯುಹೆನಿಯೊ ರಿಬೆರಾ ಕಟ್ಟಿದ ಮೇಲ್ಗಾಲುವೆ. ಕಾಲುವೆಯ ನೀರು ಕಣಿವೆಯನ್ನು ದಾಟಿದ್ದು ಅದರ ಮೂಲಕ. ಇಡೀ ದಾರಿ ಇದ್ದದ್ದು ಈ ನೀರನ್ನು ಆಚೆ ಮುಟ್ಟಿಸಲಿಕ್ಕೆ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಹೊಸದಾಗಿ ಬಂದಿದ್ದ ಕಾಲದಲ್ಲಿ ಇಂಥ ಜಾಗದಲ್ಲಿ ಕಮಾನು ನಿಲ್ಲಿಸಿದವರ ಕೈಗೆ ನಮಸ್ಕಾರ ಹೇಳಲೇಬೇಕು.

ಆಮೇಲೆ ಬಂಡೆಗೆ ಅಂಟಿದ ಮೆಟ್ಟಿಲುಗಳು, ಹೆಲ್ಮೆಟ್ ಹಿಂತಿರುಗಿಸುವ ಜಾಗ, ನಿಲ್ದಾಣದವರೆಗೆ ಇನ್ನೊಂದಿಷ್ಟು ನಡಿಗೆ. ನಿಂತು ನೋಡುತ್ತ ಬಂದರೆ ಒಟ್ಟು ನಾಲ್ಕು ಗಂಟೆ ಹಿಡಿಯಿರಿ.

ಮೂರನೇ ದಿನ: ರಾಜನ ಕಲ್ಲುಕುರ್ಚಿ, ಬೊಬಾಸ್ತ್ರೊ

ಹೆಚ್ಚಿನವರು ನಡಿಗೆ ಮುಗಿಸಿ ಅದೇ ಸಂಜೆ ಮಾಲಗಕ್ಕೆ ಹೋಗಿಬಿಡುತ್ತಾರೆ. ಇನ್ನೊಂದು ದಿನ ಉಳಿದು ಟ್ಯಾಕ್ಸಿ ಮಾತಾಡಿಕೊಂಡರೆ ನೀರಿನ ಉಳಿದ ಕತೆಯೂ ಸಿಗುತ್ತದೆ. ಮೊದಲು ಕೊಂದೆ ದೆಲ್ ಗ್ವಾದಲೋರ್ಸೆ ಅಣೆಕಟ್ಟು. ಎಂಜಿನಿಯರ್ ರಫಾಯೆಲ್ ಬೆನ್ಹುಮೆಯಾ ಕಟ್ಟಿಸಿದ್ದು. ಕಲ್ಲು ಕಟ್ಟಡ. ಕಲ್ಲಿಗೆ ಸುರ್ಕಿ (ಸುಟ್ಟ ಇಟ್ಟಿಗೆ ಪುಡಿ) ಗಾರೆ ಹಾಕಿ 1953ರಲ್ಲಿ ಮುಗಿಸಿದ ನಮ್ಮ ಡ್ಯಾಂ ಕಂಡವರಿಗೆ ಜೋಡಣೆಗಳನ್ನು ಬೆರಳಿನಿಂದ ಮುಟ್ಟಿ ನೋಡಬೇಕೆನಿಸುತ್ತದೆ. ಹತ್ತಿರದಲ್ಲೇ ಕಲ್ಲಿನ ಮೇಜು, ಕಲ್ಲಿನ ಕುರ್ಚಿ. 1921ರಲ್ಲಿ ರಾಜ ಕೂತು ಕಾಮಗಾರಿ ಮುಗಿದ ಪತ್ರಕ್ಕೆ ಸಹಿ ಹಾಕಿದ್ದು ಇಲ್ಲಿ. ಬೆಳಿಗ್ಗೆ ಬೇಗ ಹೋದರೆ ಜನ ಇರುವುದಿಲ್ಲ. ಹಿನ್ನೀರು ಹಸಿರು ಬೆರೆತ ನೀಲಿ. ತುಂಗಭದ್ರೆಯ ಕೆಂಪು ನೀರಿಗೆ ಒಗ್ಗಿದ ಕಣ್ಣಿಗೆ ಬಣ್ಣ ಬಳಿದಂತಿರುತ್ತದೆ.

ಅಲ್ಲಿಂದ ಎಲ್ ಚೊರ್ರೊಗೆ ವಾಪಸಾಗುವ ಹಾದಿಯಲ್ಲಿ ಗುಡ್ಡ ಏರುವ ಕವಲು ಬೊಬಾಸ್ತ್ರೊಗೆ. ರಸ್ತೆ ಕಿರಿದು, ತಿರುವು ಹೆಚ್ಚು, ಡಾಂಬರು ಚೆನ್ನಾಗಿದೆ. ಹೊಟ್ಟೆ ತೊಳಸುವವರು ಮುಂದೆ ಕೂರಬೇಕು. 880ರಲ್ಲಿ ಕೊರ್ದೊಬದ ಆಳ್ವಿಕೆಯ ವಿರುದ್ಧ ಬಂಡೆದ್ದ ಉಮರ್ ಇಬ್ನ್ ಹಫ್ಸೂನ್ ಕೋಟೆ ಮಾಡಿಕೊಂಡ ಜಾಗ. ಅವನ ಮಕ್ಕಳ ಕಾಲದಲ್ಲಿ, 928ರಲ್ಲಿ, ಕೊರ್ದೊಬದ ದೊರೆ ಮೂರನೇ ಅಬ್ದುರ್ರಹಮಾನನ ವಶವಾಯಿತು. ಕೋಟೆ ಹೆಚ್ಚು ಉಳಿದಿಲ್ಲ. ಉಳಿದಿರುವುದು ಬಂಡೆಯಲ್ಲೇ ಕೊರೆದ ಚರ್ಚು, ಚಾವಣಿ ಇಲ್ಲದ್ದು, ಕುದುರೆ ಲಾಳದ ಕಮಾನಿನ ಗುರುತುಗಳೊಂದಿಗೆ. ರಸ್ತೆಯಿಂದ ಕಾಲುದಾರಿಯಲ್ಲಿ ಸ್ವಲ್ಪ ನಡೆಯಬೇಕು.

ಗುಡ್ಡದ ನೆತ್ತಿಯಲ್ಲಿ ದೊಡ್ಡ ಕೆರೆ, ಸುತ್ತಲೂ ಏರಿ. ಮೊದಲ ಸಂಜೆ ಕಂಡ ಆ ಪೈಪಿನ ಮೇಲಿನ ತುದಿ ಇದೇ. ವಿದ್ಯುತ್ ಬೇಡಿಕೆ ಕಡಿಮೆ ಇರುವಾಗ ಕೆಳಗಿನ ನೀರನ್ನು ಪಂಪ್ ಮಾಡಿ ಇಲ್ಲಿ ತುಂಬಿಸುತ್ತಾರೆ, ಬೇಡಿಕೆ ಏರಿದಾಗ ಬಿಟ್ಟು ಟರ್ಬೈನ್ ತಿರುಗಿಸುತ್ತಾರೆ. 360 ಮೆಗಾವ್ಯಾಟ್ ಸಾಮರ್ಥ್ಯದ ಘಟಕ. ಏರಿಯ ಹತ್ತಿರದ ಕಟ್ಟೆಯಿಂದ ಕೆಳಗೆ ನೋಡಿದರೆ ಸ್ಟೇಷನ್, ಕೆಳಗಿನ ಜಲಾಶಯ, ಕಣಿವೆಯ ಬಾಯಿ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ.

ಮಧ್ಯಾಹ್ನದ ಗಾಡಿ ತಪ್ಪಿದರೆ ಮುಂದಿನದಕ್ಕೆ ಬಹಳ ಕಾಯಬೇಕಾಗುತ್ತದೆ, ಆದ್ದರಿಂದ ಬೊಬಾಸ್ತ್ರೊದಿಂದ ಒಂದು ಗಂಟೆ ಮೊದಲೇ ಇಳಿಯಿರಿ. ಆಲೊರದ ಆಲಿವ್ ಊರಿಗೆ ತರುವುದಾದರೆ ಉಪ್ಪುನೀರಿನ ಡಬ್ಬಿಯನ್ನು ಕೈಚೀಲದಲ್ಲಿ ವಿಮಾನಕ್ಕೆ ಬಿಡುವುದಿಲ್ಲ. ಗಾಳಿ ತೆಗೆದು ಮುಚ್ಚಿದ ಪೊಟ್ಟಣ ಕೇಳಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನ ನಡುವೆ, ಬಟ್ಟೆಗಳ ಒಳಗೆ ಇಡಿ. ಜೋಳದ ರೊಟ್ಟಿ, ಮೊಸರಿನ ಜೊತೆ ಚೆನ್ನಾಗಿ ಹೋಗುತ್ತದೆ.